ಒಂದೇ ಕೊಠಡಿಯಲ್ಲಿ ಕೂರಿಸಿದ ಮೇಲೆ

ವಿಶೇಷ ಅಗತ್ಯವುಳ್ಳ ಮಗುವನ್ನು ಸಾಮಾನ್ಯ ತರಗತಿಗೆ ಸೇರಿಸಬೇಕೇ ಬೇಡವೇ ಎಂಬ ಚರ್ಚೆ ತತ್ತ್ವದ ಮಟ್ಟದಲ್ಲಿ ಎಂದೋ ಮುಗಿದಿದೆ. 1994ರಲ್ಲಿ ಸ್ಪೇನ್‌ನ ಸಲಮಾಂಕಾ ನಗರದಲ್ಲಿ ಯುನೆಸ್ಕೊ ಮತ್ತು ಸ್ಪೇನ್ ಸರ್ಕಾರ ಸೇರಿ ನಡೆಸಿದ ಸಮ್ಮೇಳನದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯುವಂತಾಗಬೇಕು ಎಂಬ ನಿಲುವಿಗೆ ಬಂದರು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವ ಈ ಸಮನ್ವಯ ಶಿಕ್ಷಣವನ್ನು ಹಕ್ಕಿನ ಸ್ಥಾನಕ್ಕೇ ಏರಿಸಿತು. ಆದರೆ ನನ್ನಂಥ ಶಿಕ್ಷಕರ ಕೆಲಸ ಶುರುವಾಗುವುದು ದಾಖಲಾತಿ ಮುಗಿದ ಮೇಲೆ. ಮಗು ತರಗತಿಯೊಳಗೆ ಕುಳಿತಿದ್ದೂ ಪಾಠದ ಹೊರಗೇ ಉಳಿಯುವುದು ಎಷ್ಟು ಸುಲಭವೆಂಬುದು ತರಗತಿ ನಡೆಸಿದವರಿಗೆಲ್ಲ ಗೊತ್ತಿದೆ.

ಪಾಠದ ತಯಾರಿಗೆ ಕುಳಿತಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಹೊತ್ತು ಮಗು ಕಲಿಯಬೇಕಾದದ್ದು ಯಾವುದು, ಅದನ್ನು ತಲುಪಲು ನಾನು ಹಾಕಿರುವ ದಾರಿ ಯಾವುದು? ಇವೆರಡನ್ನು ಬೇರ್ಪಡಿಸಿ ನೋಡುವ ಅಭ್ಯಾಸವಾದರೆ ಅರ್ಧ ಕೆಲಸ ಮುಗಿದಂತೆ. ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. 'ಒಂದು ಗ್ರಂಥಾಲಯದಲ್ಲಿ 24 ಕಪಾಟುಗಳಿದ್ದು, ಪ್ರತಿಯೊಂದರಲ್ಲೂ 135 ಪುಸ್ತಕಗಳಿವೆ. ಅವುಗಳಲ್ಲಿ 480 ಪುಸ್ತಕಗಳನ್ನು ದುರಸ್ತಿಗೆ ಕಳುಹಿಸಿದರೆ ಉಳಿದ ಪುಸ್ತಕಗಳೆಷ್ಟು?' ಇಲ್ಲಿ ಕಲಿಯಬೇಕಾದದ್ದು ಎಲ್ಲಿ ಗುಣಿಸಬೇಕು, ಎಲ್ಲಿ ಕಳೆಯಬೇಕು ಎಂಬ ವಿವೇಚನೆ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಬಿಡಿಸಿ ಓದುವುದರಲ್ಲೇ ತೊಡಕು, ಇರುವ ಮಗು 'ಗ್ರಂಥಾಲಯ', 'ಪ್ರತಿಯೊಂದರಲ್ಲೂ' ಎಂಬ ಒತ್ತಕ್ಷರದ ಪದಗಳನ್ನು ಬಿಡಿಸಿಕೊಂಡು ಎರಡನೆಯ ವಾಕ್ಯ ಮುಟ್ಟುವಷ್ಟರಲ್ಲಿ ಮೊದಲ ವಾಕ್ಯದ ಸಂಖ್ಯೆಗಳು ನೆನಪಿನಿಂದ ಜಾರಿರುತ್ತವೆ. ಅದು 2,760 ಎಂಬ ಉತ್ತರ ಬರೆಯದಿದ್ದರೆ ನಾವು ಲೆಕ್ಕ ಬರಲಿಲ್ಲವೆಂದು ಗುರುತು ಹಾಕುತ್ತೇವೆ. ವಾಸ್ತವದಲ್ಲಿ ಅದು ಲೆಕ್ಕದವರೆಗೆ ಬಂದೇ ಇರಲಿಲ್ಲ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳುವುದು, ಒಂದೊಂದು ಮಾಹಿತಿಯನ್ನು ಒಂದೊಂದು ಸಾಲಿನಲ್ಲಿ ಬಿಡಿಸಿ ಬರೆಯುವುದು, ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಡುವುದು, ಇಷ್ಟು ಮಾಡಿದರೆ ಲೆಕ್ಕದ ಕಠಿಣತೆ ಒಂದಿಷ್ಟೂ ತಗ್ಗುವುದಿಲ್ಲ. ಅದೇ ತರಗತಿಯಲ್ಲಿ ಓದು ಸರಾಗವಾಗಿದ್ದು ಸಂಖ್ಯೆಗಳಲ್ಲೇ ತೊಡಕಿರುವ ಮಗುವಿಗೆ ಬೇಕಾದದ್ದು ಮಗ್ಗಿಯ ಪಟ್ಟಿ. ಯಾವ ಕ್ರಿಯೆ ಮಾಡಬೇಕೆಂಬ ಯೋಚನೆ ಮಾತ್ರ ಅದರದೇ ಆಗಿರಬೇಕು.

ಈ ಬೇರ್ಪಡಿಕೆ ಎರಡೂ ಕಡೆ ಕಟ್ಟುನಿಟ್ಟಾಗಿರಬೇಕು. ಓದುವ ಕೌಶಲವನ್ನೇ ಕಲಿಸುವ ಅವಧಿಯಲ್ಲಿ ಪಠ್ಯವನ್ನು ನಾವೇ ಓದಿ ಹೇಳಿದರೆ ಸಹಾಯದ ಹೆಸರಿನಲ್ಲಿ ಪಾಠವನ್ನೇ ಕಿತ್ತುಕೊಂಡಂತಾಗುತ್ತದೆ. ಅಲ್ಲಿ ಮಗುವಿಗೆ ಚಿಕ್ಕದಾದ, ತನ್ನ ಮಟ್ಟಕ್ಕೆ ನಿಲುಕುವ ಭಾಗ ಬೇಕು, ಅದನ್ನು ಮತ್ತೆ ಮತ್ತೆ ಓದುವ ಅವಕಾಶ ಬೇಕು. ಬೋರ್ಡಿನಿಂದ ಟಿಪ್ಪಣಿ ನಕಲು ಮಾಡಿಸುವ ಪದ್ಧತಿಯ ಬಗ್ಗೆಯಂತೂ ನನಗೆ ಯಾವ ಗೌರವವೂ ಇಲ್ಲ. ದೃಷ್ಟಿ ಮಂದವಿರುವವರು, ಕೈಬರಹ ನಿಧಾನವಿರುವವರು, ಗಮನ ಹಿಡಿದಿಡಲು ಕಷ್ಟಪಡುವ ಎಡಿಎಚ್‌ಡಿ ಇರುವವರು ಎಲ್ಲರೂ ಅದರಲ್ಲಿ ಸೋಲುತ್ತಾರೆ. ಸೋಲದವರೂ ಅದರಿಂದ ವಿಷಯ ಕಲಿಯುವುದು ಅಷ್ಟಕ್ಕಷ್ಟೇ. ಟಿಪ್ಪಣಿಯನ್ನು ಮುದ್ರಿಸಿ ಕೊಟ್ಟು, ಉಳಿದ ಸಮಯದಲ್ಲಿ ಅದರ ಮೇಲೆ ಎರಡು ಪ್ರಶ್ನೆ ಕೇಳುವುದು ಎಷ್ಟೋ ಮೇಲು.

ಶ್ರವಣದೋಷವಿರುವ ಮಗುವಿನ ವಿಚಾರದಲ್ಲಿ ಶಿಕ್ಷಕರು ಬದಲಿಸಿಕೊಳ್ಳಬೇಕಾದದ್ದು ಬಹುಪಾಲು ತಮ್ಮ ದೇಹದ ಅಭ್ಯಾಸಗಳನ್ನು. ಬೋರ್ಡಿಗೆ ಮುಖ ಮಾಡಿ ಬರೆಯುತ್ತಲೇ ಮಾತಾಡುವುದು, ಕಿಟಕಿಗೆ ಬೆನ್ನು ಕೊಟ್ಟು ನಿಂತು ಮುಖದ ಮೇಲೆ ನೆರಳು ಬೀಳಿಸಿಕೊಳ್ಳುವುದು, ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಓದುವುದು, ಇವೆಲ್ಲ ತುಟಿಯ ಚಲನೆಯನ್ನು ಮರೆಮಾಡುತ್ತವೆ. ಶ್ರವಣ ಸಾಧನವಿದೆಯಲ್ಲ ಎಂದರೆ, ಅದು ಶಿಕ್ಷಕರ ದನಿಯ ಜೊತೆಗೆ ಫ್ಯಾನಿನ ಸದ್ದನ್ನೂ ಬೆಂಚು ಎಳೆದ ಸದ್ದನ್ನೂ ಹೆಚ್ಚಿಸಿಯೇ ಕೇಳಿಸುತ್ತದೆ. ಹಿಂದಿನ ಬೆಂಚಿನ ವಿದ್ಯಾರ್ಥಿ ಕೇಳಿದ ಪ್ರಶ್ನೆಯನ್ನು ಶಿಕ್ಷಕರು ಇನ್ನೊಮ್ಮೆ ಹೇಳಿ ಉತ್ತರಿಸಿದರೆ ಮುಂದೆ ಕುಳಿತ ಈ ಮಗುವಿಗೆ ಚರ್ಚೆಯ ಎಳೆ ಸಿಗುತ್ತದೆ. ಖರ್ಚಿಲ್ಲದ ಈ ಅಭ್ಯಾಸವನ್ನೇ ನಾವು ಹೆಚ್ಚಾಗಿ ಮರೆಯುವುದು.

ಇನ್ನು ಸಹಾಯಕರ ಪ್ರಶ್ನೆ. ಮಗುವಿನ ಪಕ್ಕದಲ್ಲಿ ಒಬ್ಬ ಸಹಾಯಕರನ್ನು ಕೂರಿಸಿದರೆ ಸಮಸ್ಯೆ ಬಗೆಹರಿಯಿತೆಂದು ಆಡಳಿತ ಮಂಡಳಿಯೂ ಪೋಷಕರೂ ಸಹಜವಾಗಿಯೇ ನಂಬುತ್ತಾರೆ. ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು 1997ರಲ್ಲಿ ಅಮೆರಿಕದ ತರಗತಿಗಳನ್ನು ಗಮನಿಸಿ ಬರೆದ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು: ಸಹಾಯಕರು ಸದಾ ಅಂಟಿಕೊಂಡಿದ್ದಾಗ ಶಿಕ್ಷಕರು ಆ ಮಗುವಿನ ಹೊಣೆಯಿಂದ ಹಿಂದೆ ಸರಿಯುತ್ತಾರೆ, ಸಹಪಾಠಿಗಳು ದೂರವಾಗುತ್ತಾರೆ, ಮಗು ದೊಡ್ಡವರ ಮೇಲೆ ಅವಲಂಬಿತವಾಗುತ್ತದೆ. ಪೀಟರ್ ಬ್ಲ್ಯಾಚ್‌ಫರ್ಡ್ ಅವರ ತಂಡ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆಸಿ 2009ರಲ್ಲಿ ವರದಿ ಮಾಡಿದ ದೊಡ್ಡ ಅಧ್ಯಯನದಲ್ಲಿ, ಸಹಾಯಕರ ನೆರವು ಹೆಚ್ಚು ಪಡೆದ ಮಕ್ಕಳು ತಮ್ಮಂಥದೇ ಇತರ ಮಕ್ಕಳಿಗಿಂತ ಕಡಿಮೆ ಪ್ರಗತಿ ತೋರಿದ್ದರು. ದೋಷ ಸಹಾಯಕರದಲ್ಲ, ತರಬೇತಿ ಕೊಡದೆ, ಪಾಠದ ಯೋಜನೆಯನ್ನು ಮುಂಚಿತವಾಗಿ ತಿಳಿಸದೆ, ಹೆಚ್ಚು ಪರಿಣತಿ ಬೇಡುವ ಮಗುವನ್ನು ಅತಿ ಕಡಿಮೆ ಸಿದ್ಧತೆಯಿರುವವರ ಕೈಗೆ ಒಪ್ಪಿಸುವ ವ್ಯವಸ್ಥೆಯದು. ನನ್ನ ಅಭಿಪ್ರಾಯದಲ್ಲಿ ಸಹಾಯಕರು ಉಳಿದ ತರಗತಿಯ ಕೆಲಸ ನೋಡಿಕೊಳ್ಳಲಿ. ಆ ಹೊತ್ತಿನಲ್ಲಿ ಶಿಕ್ಷಕರೇ ಈ ಮಗುವಿನ ಪಕ್ಕ ಕೂರಲಿ.

ಸಮಯವನ್ನು ಕೊಡುವುದೂ ಬೋಧನೆಯೇ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಕಾಯುವುದೂ ಕಷ್ಟವೆಂದೂ, ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ದೀರ್ಘವಾಗಿ ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆಂದೂ ಮೇರಿ ಬಡ್ ರೋ ಎಂಬ ಸಂಶೋಧಕಿ ಕಳೆದ ಶತಮಾನದ ಎಪ್ಪತ್ತರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಮಾತು ಹೊಂದಿಸಿಕೊಳ್ಳಲು ಹೊತ್ತು ಬೇಕಾದ ಮಗುವಿಗೆ ಆ ಮೂರು ಸೆಕೆಂಡೂ ಸಾಲದು. ಪ್ರಶ್ನೆಯನ್ನು ಮೊದಲೇ ಚೀಟಿಯಲ್ಲಿ ಬರೆದು ಕೊಟ್ಟು, ಸ್ವಲ್ಪ ಹೊತ್ತಿನ ನಂತರ ಕೇಳುವುದೇ ಸರಿ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ದಿನದ ವೇಳಾಪಟ್ಟಿ ಕಣ್ಣೆದುರು ಇರುವುದು, ಬದಲಾವಣೆಯಿದ್ದರೆ ಮೊದಲೇ ತಿಳಿಯುವುದು ಮುಖ್ಯ.

'ಅವನಿಗೆ ಮಾತ್ರ ಯಾಕೆ ಹೆಚ್ಚು ಸಮಯ?' ಎಂದು ಉಳಿದ ಮಕ್ಕಳು ಕೇಳಿಯೇ ಕೇಳುತ್ತಾರೆ. ಮಕ್ಕಳು ಕೇಳಿದಾಗ ನನಗೆ ಬೇಸರವಾಗುವುದಿಲ್ಲ, ಶಿಕ್ಷಕರ ಕೊಠಡಿಯಲ್ಲಿ ಅದೇ ಮಾತು ಬಂದಾಗ ಆಗುತ್ತದೆ. ಓದಿ ಹೇಳಿದ ಪ್ರಶ್ನೆ, ಬಿಡಿಸಿ ಬರೆದ ಸೂಚನೆ, ಮುದ್ರಿತ ಟಿಪ್ಪಣಿ ಇವು ಬೇಕಾದವರಿಗೆಲ್ಲ ಸಿಗುವಂತಿದ್ದರೆ ಆ ಪ್ರಶ್ನೆಯ ಮೊನೆ ಅರ್ಧ ಮೊಂಡಾಗುತ್ತದೆ. ಆದರೆ ದೊಡ್ಡ ತರಗತಿಯಲ್ಲಿ ಇದನ್ನೆಲ್ಲ ಒಬ್ಬರೇ ನಿಭಾಯಿಸಲಾಗದು ಎಂಬ ದೂರು ನಿಜವಾದದ್ದೇ. ವಿಶೇಷ ಶಿಕ್ಷಕರೂ ತರಗತಿ ಶಿಕ್ಷಕರೂ ಜೊತೆಗೆ ಕೂತು ಯೋಜಿಸುವ ಅವಧಿಯನ್ನು ವೇಳಾಪಟ್ಟಿಯಲ್ಲಿ ಕಾಣಿಸದ ಶಾಲೆ, ಗೋಡೆಯ ಮೇಲೆ ಸಮನ್ವಯ ಶಿಕ್ಷಣದ ಫಲಕ ಹಾಕಿಕೊಳ್ಳುವ ಮುನ್ನ ಆ ಒಂದು ಅವಧಿಯನ್ನು ಹೊಂದಿಸಿಕೊಡಬೇಕು. ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ 'ಓದು ಸುಧಾರಿಸಬೇಕು' ಎಂಬಂಥ ವಾಕ್ಯದ ಬದಲು ಯಾವ ಪಠ್ಯ, ಯಾವ ನೆರವಿನೊಂದಿಗೆ, ಎಷ್ಟು ಸರಾಗವಾಗಿ, ಯಾವ ತಿಂಗಳೊಳಗೆ ಎಂದು ಬರೆಯಲು ಆಗುವುದು ಆ ಅವಧಿಯಲ್ಲೇ. ಮುಂದಿನ ವರ್ಷದ ಶಿಕ್ಷಕರ ಕೈಗೆ ಆ ಹಾಳೆ ಜೂನ್ ಕಳೆದ ಮೇಲಲ್ಲ, ಪಾಠ ಶುರುವಾಗುವ ಮೊದಲೇ ಸೇರಬೇಕು.