ದೂರದಿಂದ ಬಂದ ಮೊಟ್ಟೆಗಳಿಗೆ ಕಾವು

ತೀರ್ಥಹಳ್ಳಿಯ ಸುತ್ತಮುತ್ತ ನಾಟಿಕೋಳಿ ಸಾಕುವವರಲ್ಲಿ ಹೆಚ್ಚಿನವರು ಈಗಲೂ ಕಾವಿಗೆ ಬಂದ ಹೇಂಟೆಯನ್ನೇ ನಂಬುತ್ತಾರೆ, ಆ ನಂಬಿಕೆ ಸರಿಯಾದದ್ದೇ. ಬುಟ್ಟಿಗೆ ಭತ್ತದ ಹೊಟ್ಟು ಹಾಸಿ, ಸಿಡಿಲಿಗೆ ಮೊಟ್ಟೆ ಕೆಡದಿರಲಿ ಎಂದು ಒಂದು ಕಬ್ಬಿಣದ ಚೂರನ್ನೋ ಇದ್ದಿಲನ್ನೋ ಇಟ್ಟು ಕೋಳಿಯನ್ನು ಕೂರಿಸಿದರೆ ಮಿಕ್ಕಿದ್ದೆಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಆದರೆ ಹಟ್ಟಿಯ ರಕ್ತ ಹಳತಾಗಿ ಹೊಸ ತಳಿ ಬೇಕೆನಿಸಿದಾಗ, ಮಧ್ಯಪ್ರದೇಶದ ಝಾಬುವಾ ಮೂಲದ ಕಡಕ್‌ನಾಥ್ ಆಗಲಿ ಒಳ್ಳೆಯ ಅಸೀಲ್ ಆಗಲಿ ನಮ್ಮ ಊರಿನಲ್ಲಿ ಸಿಗದಿದ್ದಾಗ, ಮೊಟ್ಟೆಯನ್ನು ಬಸ್ಸಿನ ಪಾರ್ಸಲ್ಲಿನಲ್ಲೋ ಕೊರಿಯರ್‌ನಲ್ಲೋ ತರಿಸಿಕೊಳ್ಳಬೇಕಾಗುತ್ತದೆ, ಮತ್ತು ಆ ಪಾರ್ಸಲ್ ಬರುವ ದಿನಕ್ಕೆ ಸರಿಯಾಗಿ ಮನೆಯ ಹೇಂಟೆ ಕಾವಿಗೆ ಕೂರುವುದಿಲ್ಲ. ಹಾಗಾಗಿ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ಬರುತ್ತದೆ. ಪ್ರಯಾಣ ಮಾಡಿ ಬಂದ ಮೊಟ್ಟೆಯನ್ನು ಮನೆಯ ಮೊಟ್ಟೆಯಂತೆಯೇ ಪೆಟ್ಟಿಗೆಗೆ ಇಡುವವರು ಬಹಳ ಮಂದಿ ಇದ್ದಾರೆ. ಇವೆರಡೂ ಬೇರೆ ಬೇರೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊಟ್ಟೆ ಕೋಳಿಯ ಹೊಟ್ಟೆಯಿಂದ ಬಿದ್ದಾಗ ಅದರ ಬಿಸಿ 41 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದು ತಣಿಯುತ್ತಾ ಬಂದಂತೆ ಒಳಗಿನ ದ್ರವ ಕುಗ್ಗಿ, ಅಗಲ ತುದಿಯಲ್ಲಿ ಎರಡು ಪೊರೆಗಳ ನಡುವೆ ಒಂದು ಸಣ್ಣ ಜಾಗ ತೆರೆದುಕೊಳ್ಳುತ್ತದೆ. ಅದೇ ಗಾಳಿಕೋಣೆ. ಹೊರಬರುವ ಮುನ್ನ ಮರಿ ತನ್ನ ಮೊದಲ ಉಸಿರನ್ನು ಎಳೆದುಕೊಳ್ಳುವುದು ಆ ಜಾಗದಿಂದಲೇ. ಘಾಟಿಯ ತಿರುವು, ಹಳ್ಳ ಬಿದ್ದ ರಸ್ತೆ, ಪಾರ್ಸಲ್ಲನ್ನು ಎತ್ತಿಹಾಕುವ ಕೈಗಳು, ಇವೆಲ್ಲವೂ ಮೊದಲು ಪೆಟ್ಟುಕೊಡುವುದು ಈ ಗಾಳಿಕೋಣೆಗೆ. ಒಳಪೊರೆ ಬಿಟ್ಟುಕೊಂಡರೆ ಗಾಳಿ ಅಲ್ಲಿಂದ ಜಾರಿ ಮೊಟ್ಟೆಯ ಪಕ್ಕಕ್ಕೆ ಇಳಿಯುತ್ತದೆ. ಹಳದಿಯನ್ನು ನಡುವೆ ಹಿಡಿದಿರುವ ಬಿಳಿಯ ಹುರಿಗಳು ಸಡಿಲವಾಗುವುದೂ ಉಂಟು. ಹೊರಗಿನಿಂದ ನೋಡಿದರೆ ಚಿಪ್ಪಿನಲ್ಲಿ ಒಂದು ಗೀರೂ ಇರುವುದಿಲ್ಲ.

ಆದ್ದರಿಂದ ಪಾರ್ಸಲ್ ಬಿಚ್ಚಿದ ಮೇಲೆ ಮೊದಲು ಮಾಡಬೇಕಾದದ್ದು ಕತ್ತಲೆ ಕೋಣೆಯಲ್ಲಿ ಕುಳಿತು ಒಂದೊಂದು ಮೊಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡುವುದು. ರಟ್ಟಿನ ತುಂಡಿನಲ್ಲಿ ರೂಪಾಯಿ ನಾಣ್ಯದಷ್ಟು ರಂಧ್ರ ಮಾಡಿ ಮೊಬೈಲಿನ ಟಾರ್ಚಿನ ಮೇಲೆ ಇಟ್ಟುಕೊಂಡರೆ ಸಾಕು. ಅಗಲ ತುದಿಯನ್ನು ಆ ಬೆಳಕಿಗೆ ಒತ್ತಿದಾಗ ಮೊಟ್ಟೆ ಒಳಗಿನಿಂದ ಕೆಂಪು-ಹಳದಿಯಾಗಿ ಬೆಳಗುತ್ತದೆ. ಸರಿಯಿರುವ ಮೊಟ್ಟೆಯಲ್ಲಿ ಗಾಳಿಕೋಣೆಯ ಅಂಚು ಒಂದೇ ಮಟ್ಟದ ಗೆರೆಯಾಗಿ ಕಾಣುತ್ತದೆ, ಮೊಟ್ಟೆಯನ್ನು ನಿಧಾನವಾಗಿ ವಾಲಿಸಿದರೂ ಆ ಗೆರೆ ಅಲುಗುವುದಿಲ್ಲ. ಪೆಟ್ಟು ತಿಂದ ಮೊಟ್ಟೆಯಲ್ಲಿ ವಾಲಿಸಿದ ಕಡೆಗೆ ಗೆರೆಯೂ ವಾಲುತ್ತದೆ. ಕೆಲವದರಲ್ಲಿ ಒಂದು ಪಕ್ಕ ಕುದುರೆಯ ಜೀನಿನ ಹಾಗೆ ಕೆಳಗೆ ಇಳಿದಿರುತ್ತದೆ. ತೀರಾ ಕೆಟ್ಟದ್ದರಲ್ಲಿ ಸಣ್ಣ ಗುಳ್ಳೆಗಳು ಚಿಪ್ಪಿನ ಒಳಮೈಗೆ ತಾಗಿಕೊಂಡು ಓಡಾಡುತ್ತವೆ. ನಾನು ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಿಂದ ಆ ಗೆರೆಯನ್ನು ಬರೆದಿಡುತ್ತೇನೆ. ಮುಂದಿನ ಎಲ್ಲ ನಿರ್ಧಾರಗಳಿಗೂ ಆ ಗೆರೆಯೇ ಆಧಾರ.

ನೋಡಿ ಮುಗಿದ ಮೇಲೆ ಮೊಟ್ಟೆಗಳನ್ನು ಅಗಲ ತುದಿ ಮೇಲಾಗಿ ಟ್ರೇಯಲ್ಲಿ ನಿಲ್ಲಿಸಿ, ಮನೆಯ ತಂಪಾದ ಮೂಲೆಯಲ್ಲಿ 12ರಿಂದ 24 ಗಂಟೆ ಸುಮ್ಮನೆ ಬಿಡಬೇಕು. ಪಾರ್ಸಲ್ ಈಗಾಗಲೇ ತಡವಾಗಿದೆ, ಇನ್ನೂ ಒಂದು ದಿನ ಏಕೆ ಕಳೆಯಬೇಕು ಎಂಬ ಆತುರ ಎಲ್ಲರಿಗೂ ಇರುತ್ತದೆ. ಈ ಒಂದು ದಿನವನ್ನು ಬಿಟ್ಟುಕೊಡಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಕೋಳಿ ಇಟ್ಟ ಕ್ಷಣದಲ್ಲೇ ಮೊಟ್ಟೆಯೊಳಗೆ ಸಾವಿರಾರು ಜೀವಕೋಶಗಳ ಒಂದು ಚುಕ್ಕೆ ಇರುತ್ತದೆ, ತಂಪಿನಲ್ಲಿ ಅದು ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ತಂಪಿನಲ್ಲಿ ಕಾಯುವುದರಿಂದ ಅದಕ್ಕೆ ಆಗುವ ನಷ್ಟ ಅಲ್ಪ, ಅಲುಗಾಡುವ ಗಾಳಿಕೋಣೆಯೊಂದಿಗೆ ಬಿಸಿಗೆ ಹೋದರೆ ಆಗುವ ನಷ್ಟ ದೊಡ್ಡದು.

ತರಿಸುವ ಕಾಲವೂ ಇಷ್ಟೇ ಮುಖ್ಯ. ಸುಮಾರು 21 ಡಿಗ್ರಿ ದಾಟಿದಂತೆ ಆ ಚುಕ್ಕೆ ನಿಧಾನವಾಗಿ ಎಚ್ಚರಗೊಳ್ಳತೊಡಗುತ್ತದೆ. ಏಪ್ರಿಲ್‌ನಲ್ಲಿ ರಾಯಚೂರು, ಬಳ್ಳಾರಿಯ ಕಡೆಯಿಂದ ಬಿಸಿ ಡಿಕ್ಕಿಯೊಳಗೆ ಬರುವ ಮೊಟ್ಟೆ ದಾರಿಯಲ್ಲೇ ಅರೆಬರೆ ಬೆಳೆದು, ರಾತ್ರಿ ತಣಿದು, ಮತ್ತೆ ಬಿಸಿಯಾಗಿ, ನಮ್ಮ ಕೈಗೆ ಬರುವಷ್ಟರಲ್ಲಿ ಸತ್ತಿರುತ್ತದೆ. ಮಾರ್ಚ್‌ನಿಂದ ಮೇ ವರೆಗೆ ನಾನು ಯಾರಿಂದಲೂ ಮೊಟ್ಟೆ ತರಿಸುವುದಿಲ್ಲ. ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳೂ ಕೆಲವೇ: ಮೊಟ್ಟೆ ಇಟ್ಟು ಎಷ್ಟು ದಿನವಾಯಿತು, ತೊಳೆದಿದ್ದಾರೆಯೇ, ಎಷ್ಟು ಹೇಂಟೆಗೆ ಒಂದು ಹುಂಜವಿದೆ. ವಾರ ದಾಟಿದ ಮೊಟ್ಟೆಯಲ್ಲಿ ಮರಿಯಾಗುವ ಶಕ್ತಿ ದಿನದಿನಕ್ಕೂ ಇಳಿಯುತ್ತದೆ. ತೊಳೆದ ಮೊಟ್ಟೆಯ ಮೇಲಿನ ರಕ್ಷಣೆಯ ಲೇಪ ಹೋಗಿ ಸೂಕ್ಷ್ಮಾಣುಗಳಿಗೆ ದಾರಿಯಾಗುತ್ತದೆ. ಗಿರಿರಾಜ ಕೋಳಿಯ ಮೊಟ್ಟೆ ತರಿಸುವವರಿಗೆ ಇನ್ನೊಂದು ಮಾತು: ಹೆಬ್ಬಾಳದಲ್ಲಿ ರೂಪುಗೊಂಡ ಅದು ಸಂಕರ ತಳಿ, ಆದ್ದರಿಂದ ಮನೆಯಲ್ಲಿ ಸಾಕಿದ ಗಿರಿರಾಜದ ಮೊಟ್ಟೆಯಿಂದ ಬರುವ ಮರಿಗಳು ತಾಯಿತಂದೆಯಂತೆಯೇ ಇರುತ್ತವೆ ಎಂದು ಎಣಿಸಬಾರದು.

ಪೆಟ್ಟಿಗೆಯ ಶಾಖದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ, ಅಂದರೆ ಜ್ವರ ನೋಡುವ ಥರ್ಮಾಮೀಟರಿನಲ್ಲಿ 99.5. ಅಗ್ಗದ ಪೆಟ್ಟಿಗೆಗಳ ಮುಖದ ಮೇಲೆ ಕಾಣುವ ಅಂಕಿಯನ್ನು ಒಮ್ಮೆ ಆ ಥರ್ಮಾಮೀಟರಿನೊಂದಿಗೆ ಹೋಲಿಸಿ ನೋಡದೆ ಮೊಟ್ಟೆ ಇಡಬಾರದು. ಕರೆಂಟ್ ಹೋದರೆ ಗಾಬರಿ ಬೇಡ. ಹೇಂಟೆಯೂ ದಿನಕ್ಕೊಮ್ಮೆ ಮೇಯಲು ಎದ್ದುಹೋಗುತ್ತದೆ. ಮುಚ್ಚಳ ತೆಗೆಯದೆ, ಗಾಳಿಯ ಕಿಂಡಿ ಮುಚ್ಚದಂತೆ ಮೇಲೊಂದು ಕಂಬಳಿ ಹೊದಿಸಿದರೆ ಒಂದೆರಡು ಗಂಟೆಯನ್ನು ಮೊಟ್ಟೆಗಳು ತಾಳಿಕೊಳ್ಳುತ್ತವೆ. ತಣಿಯುವುದಕ್ಕಿಂತ ಅತಿಯಾಗಿ ಬಿಸಿಯಾಗುವುದೇ ಬೇಗ ಕೊಲ್ಲುತ್ತದೆ.

ತಿರುಗಿಸುವ ವಿಷಯಕ್ಕೆ ಬಂದರೆ, ಪ್ರಯಾಣದ ಮೊಟ್ಟೆಗೆ ಬೇರೆಯೇ ಕ್ರಮ. ಗಾಳಿಕೋಣೆ ಅಲುಗುತ್ತಿದ್ದರೆ ಮೊದಲ ಎರಡು-ಮೂರು ದಿನ ತಿರುಗಿಸುವ ಯಂತ್ರವನ್ನು ಬಂದ್ ಮಾಡಿ, ತಳದಲ್ಲಿ ಗಾಳಿಯಾಡಲು ರಂಧ್ರ ಮಾಡಿದ ರಟ್ಟಿನ ಟ್ರೇಯಲ್ಲಿ ಮೊಟ್ಟೆಗಳನ್ನು ನೆಟ್ಟಗೆ ನಿಲ್ಲಿಸುತ್ತೇನೆ. ಆಮೇಲೆ ಮಲಗಿಸಿ ಉರುಳಿಸುವುದಿಲ್ಲ. ಇಡೀ ಟ್ರೇಯನ್ನೇ ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ 45 ಡಿಗ್ರಿ ವಾಲಿಸಿ ಆಸರೆ ಕೊಡುತ್ತೇನೆ. ಈ ವಿರಾಮವನ್ನು ಇನ್ನೂ ಎಳೆಯುವುದು ಸರಿಯಲ್ಲ, ಏಕೆಂದರೆ ಅಲುಗಾಡಿಸದ ಮೊಟ್ಟೆಯಲ್ಲಿ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ, ಮತ್ತು ತಿರುಗಿಸುವಿಕೆಯ ಅಗತ್ಯ ಹೆಚ್ಚಿರುವುದು ಮೊದಲ ವಾರದಲ್ಲೇ. ಏಳನೆಯ ದಿನ ಮತ್ತೆ ಬೆಳಕಿಗೆ ಹಿಡಿದಾಗ ಜೀವವಿರುವ ಮೊಟ್ಟೆಯಲ್ಲಿ ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕೆಂಪು ನರಗಳ ಜಾಲ ಕಾಣುತ್ತದೆ. ಬರೀ ಒಂದು ಕೆಂಪು ಉಂಗುರ ಕಂಡರೆ ಬೆಳವಣಿಗೆ ಶುರುವಾಗಿ ನಿಂತುಹೋಗಿದೆ ಎಂದರ್ಥ. ಅದನ್ನು ಆ ದಿನವೇ ತೆಗೆಯಬೇಕು, ಇಲ್ಲದಿದ್ದರೆ ಕೊಳೆತು ಒಡೆದು ಉಳಿದದ್ದನ್ನೂ ಕೆಡಿಸುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು ತೇವಾಂಶ, ಮತ್ತು ಈ ಬಗ್ಗೆ ಹರಿದಾಡುವ ಸಲಹೆಗಳು ಊರಿನ ಹವೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಮಲೆನಾಡಿನ ಆಷಾಢದಲ್ಲಿ ಹೊರಗಿನ ತೇವಾಂಶ ಶೇಕಡ 90 ದಾಟಿರುತ್ತದೆ. ಆದರೆ 22 ಡಿಗ್ರಿಯ ಆ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಬಿಸಿಯಾದಾಗ ಅದರ ಸಾಪೇಕ್ಷ ತೇವಾಂಶ 40ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ನೀರಿನ ಬಟ್ಟಲು ಬಹುಮಟ್ಟಿಗೆ ಖಾಲಿಯಿದ್ದರೂ ನಡೆಯುತ್ತದೆ. ಫೆಬ್ರುವರಿಯ ವಿಜಯಪುರದಲ್ಲಿ ಅದೇ ಪೆಟ್ಟಿಗೆ ನೀರಿಲ್ಲದಿದ್ದರೆ 20ಕ್ಕೂ ಕೆಳಗೆ ಹೋಗಬಹುದು. ಹೀಗಿರುವಾಗ ಎಲ್ಲರಿಗೂ ಒಂದೇ ಅಂಕಿ ಹೇಳುವುದರಲ್ಲಿ ಅರ್ಥವಿಲ್ಲ, ತೂಕವನ್ನೇ ಕೇಳಬೇಕು. ಚಿಪ್ಪಿನ ಸಾವಿರಾರು ರಂಧ್ರಗಳ ಮೂಲಕ ನೀರು ಆವಿಯಾಗಿ, 18ನೆಯ ದಿನಕ್ಕೆ ಮೊಟ್ಟೆ ತನ್ನ ಮೊದಲ ತೂಕದಲ್ಲಿ ಶೇಕಡ 12ರಷ್ಟನ್ನು ಕಳೆದುಕೊಂಡಿರಬೇಕು. 50 ಗ್ರಾಂ ಮೊಟ್ಟೆಗೆ ಅದು 6 ಗ್ರಾಂ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಡೀ ಟ್ರೇಯನ್ನು ವಾರಕ್ಕೊಮ್ಮೆ ತೂಗಿದರೆ ಲೆಕ್ಕ ಸಿಗುತ್ತದೆ. ಕಡಿಮೆ ಕಳೆದುಕೊಂಡಿದ್ದರೆ ನೀರು ತೆಗೆಯಬೇಕು, ಹೆಚ್ಚು ಕಳೆದುಕೊಂಡಿದ್ದರೆ ನೀರು ಸೇರಿಸಬೇಕು. ತೇವಾಂಶದ ಮೀಟರನ್ನು ಪರೀಕ್ಷಿಸಲೂ ಸುಲಭದ ದಾರಿಯಿದೆ: ಒಂದು ಮುಚ್ಚಳದಲ್ಲಿ ಒದ್ದೆ ಉಪ್ಪನ್ನು ಹಾಕಿ, ಮೀಟರಿನೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಅದು 75 ತೋರಿಸಬೇಕು.

18ನೆಯ ದಿನ ವಾಲಿಸುವುದನ್ನು ನಿಲ್ಲಿಸಿ, ತೇವಾಂಶವನ್ನು 65-70ಕ್ಕೆ ಏರಿಸಿ, ಮುಚ್ಚಳ ಮುಚ್ಚಿಬಿಡಬೇಕು. ಗಾಳಿಕೋಣೆ ಇನ್ನೂ ಓರೆಯಾಗಿಯೇ ಇರುವ ಮೊಟ್ಟೆಗಳನ್ನು ಆಗಲೂ ನೆಟ್ಟಗೆ ನಿಲ್ಲಿಸಿಯೇ ಬಿಡುತ್ತೇನೆ. ಮರಿ ಮೊದಲು ಒಳಪೊರೆಯನ್ನು ತಿವಿದು ಗಾಳಿಕೋಣೆಯಲ್ಲಿ ಉಸಿರಾಡುತ್ತದೆ, ಆಗ ಚಿಪ್ಪಿನೊಳಗಿನಿಂದ ಚಿಲಿಪಿಲಿ ಕೇಳಿಸುತ್ತದೆ. ಆಮೇಲೆ ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಚಿಪ್ಪಿಗೆ ಹೊಡೆದು ನಕ್ಷತ್ರದಾಕಾರದ ಒಂದು ಬಿರುಕು ಮಾಡುತ್ತದೆ. ಅಷ್ಟು ಮಾಡಿ ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ಒಂದು ದಿನ, ಏನೂ ಮಾಡದಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಅದು ಪೊರೆಯ ನರಗಳಲ್ಲಿನ ರಕ್ತವನ್ನೂ ಉಳಿದ ಹಳದಿಯನ್ನೂ ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಸಹಾಯ ಮಾಡಲು ಹೋಗಿ ಚಿಪ್ಪು ಬಿಡಿಸಿದರೆ ಆ ನರಗಳಿಂದ ರಕ್ತ ಸೋರುತ್ತದೆ. ಮುಚ್ಚಳ ತೆರೆದರೆ ತೇವ ಹಾರಿ, ಪೊರೆ ಒಣಗಿ ಬಿಗಿದು, ಪಕ್ಕದ ಮೊಟ್ಟೆಯ ಮರಿಯೂ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಬಂದ ಮರಿಗೆ ಹಸಿವಾದೀತು ಎಂಬ ಚಿಂತೆಯೂ ಬೇಡ, ಒಳಗೆ ಎಳೆದುಕೊಂಡ ಹಳದಿಯಲ್ಲಿ ಅದು ಎರಡು ದಿನ ಆರಾಮವಾಗಿ ಇರುತ್ತದೆ. ಗರಿ ಒಣಗಿ ಉಬ್ಬಿದ ಮೇಲೆ ಒಟ್ಟಿಗೆ ತೆಗೆದು 35 ಡಿಗ್ರಿಯ ಬೆಚ್ಚನೆಯ ಗೂಡಿಗೆ ಬಿಟ್ಟರೆ ಸಾಕು. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಮೊದಲ ವಾರದಲ್ಲಿ ಯಾವ ದಿನ ಹಾಕಿಸಬೇಕೆಂದು ಪಶುವೈದ್ಯರನ್ನು ಆಗಲೇ ಕೇಳಿಟ್ಟುಕೊಳ್ಳಬೇಕು.

ಪಾರ್ಸಲ್ ಮೊಟ್ಟೆಗಳಲ್ಲಿ ಅರ್ಧದಷ್ಟು ಮರಿಯಾದರೆ ಒಳ್ಳೆಯ ಫಲ ಎಂದೇ ನಾನು ಎಣಿಸುತ್ತೇನೆ. ಒಡೆಯದೆ ಉಳಿದವನ್ನು ನೋಡದೆ ಗುಂಡಿಗೆ ಎಸೆಯಬೇಡಿ. ಅಂಗಳದಲ್ಲಿ ಒಂದೊಂದನ್ನೇ ಒಡೆದು ನೋಡಿದರೆ ಯಾವ ಹಂತದಲ್ಲಿ ನಿಂತಿತು ಎಂಬುದು ತಿಳಿಯುತ್ತದೆ. ಹಳದಿಯ ಮೇಲೆ ಬರೀ ಒಂದು ಸಣ್ಣ ಗಟ್ಟಿ ಬಿಳಿಚುಕ್ಕೆ ಇದ್ದರೆ ಅದು ಗೊಡ್ಡು ಮೊಟ್ಟೆ, ಹುಂಜದ ಕಡೆ ಗಮನ ಕೊಡಬೇಕಾದವರು ಕಳುಹಿಸಿದವರು. ಮೊದಲ ಕೆಲವೇ ದಿನಗಳಲ್ಲಿ ಸತ್ತಿದ್ದರೆ ಬಹುಪಾಲು ದಾರಿಯ ಬಿಸಿ, ಅಲುಗಾಟ ಅಥವಾ ಹಳೆಯ ಮೊಟ್ಟೆ ಕಾರಣ. ಪೂರ್ತಿ ಬೆಳೆದ ಮರಿ ಸುತ್ತ ನೀರು ತುಂಬಿಕೊಂಡು ಸತ್ತಿದ್ದರೆ ತೇವಾಂಶ ಹೆಚ್ಚಾಗಿತ್ತು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪೆನ್ಸಿಲ್ ಗೆರೆಗಳ ಫೋಟೋ ಸಹಿತ ಕಳುಹಿಸಿದವರಿಗೂ ತಿಳಿಸಿದರೆ, ಮುಂದಿನ ಸಲ ಅವರು ಪೆಟ್ಟಿಗೆ ಕಟ್ಟುವ ರೀತಿಯೇ ಬದಲಾಗುತ್ತದೆ.