ಅಮ್ಮನ ಮಂಡಿಯ ಎಕ್ಸ್‌-ರೇ

ಇಂದು ಬೆಳಿಗ್ಗೆ ಅಮ್ಮನ ಮಂಡಿಯ ಎಕ್ಸ್‌-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದಿಸಿರುವ ನುಣುಪಾದ ಮೃದ್ವಸ್ಥಿ (ಕಾರ್ಟಿಲೇಜ್) ಅದರಲ್ಲಿ ಕಾಣುವುದಿಲ್ಲ. ಎರಡು ಮೂಳೆಗಳ ನಡುವಿನ ಕಪ್ಪು ಸಂದು ಎಷ್ಟು ಕಿರಿದಾಗಿದೆ ಎಂಬುದರಿಂದಲೇ ಸವೆತವನ್ನು ಅಳೆಯಬೇಕು. ಅಮ್ಮನ ಮಂಡಿಯ ಒಳಬದಿಯಲ್ಲಿ ಆ ಸಂದು ಪೆನ್ಸಿಲ್ ಗೆರೆಯಷ್ಟೇ ಉಳಿದಿದೆ.

ರಕ್ತನಾಳವೂ ನರವೂ ಇಲ್ಲದ ಈ ಅಂಗಾಂಶ ಒಮ್ಮೆ ಹಾಳಾದರೆ ಮರಳಿ ಬಾರದೆಂದು ಅಂಗರಚನಾಶಾಸ್ತ್ರಜ್ಞ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಪ್ರಯೋಗಾಲಯದಲ್ಲಿಯೂ ಅದು ಸುಲಭವಾಗಿ ಮಣಿಯುವುದಿಲ್ಲ: ಮೃದ್ವಸ್ಥಿಯ ಕೋಶಗಳನ್ನು ತಟ್ಟೆಯ ಮೇಲೆ ಹರಡಿ ಬೆಳೆಸಿದರೆ, ಅವು ಸಂಖ್ಯೆಯಲ್ಲಿ ಹೆಚ್ಚುತ್ತಾ ಹೋದಂತೆ ತಮ್ಮ ಸ್ವಭಾವವನ್ನೇ ಮರೆತು, ಮೃದ್ವಸ್ಥಿಗೆ ಬೇಕಾದ ಎರಡನೆಯ ಬಗೆಯ ಕೊಲ್ಯಾಜೆನ್ ಎಂಬ ನಾರಿನಂತಹ ಪ್ರೋಟೀನಿನ ಬದಲು ಗಾಯದ ಕಲೆಯಲ್ಲಿರುವಂತಹ ಒಂದನೆಯ ಬಗೆಯದನ್ನು ಹೆಣೆಯತೊಡಗುತ್ತವೆ. ಆದುದರಿಂದಲೇ 2004ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಚಾರ್ಲ್ಸ್ ಆರ್ಚರ್ ಅವರ ತಂಡ ಕರುವಿನ ಕೀಲಿನ ಮೇಲ್ಪದರದಲ್ಲಿ ಪೂರ್ವಗಾಮಿ ಕೋಶಗಳನ್ನು, ಅಂದರೆ ಮುಂದೆ ಮೃದ್ವಸ್ಥಿಯ ಕೋಶಗಳಾಗಬಲ್ಲ ಮೂಲ ಕೋಶಗಳನ್ನು, ಗುರುತಿಸಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ತೋರುತ್ತದೆ. ಫೈಬ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಲೇಪಿಸಿದ ತಟ್ಟೆಗೆ ಬೇಗನೆ ಅಂಟಿಕೊಳ್ಳುವ ಈ ಕೋಶಗಳು ಹಲವು ಪಟ್ಟು ಹೆಚ್ಚಿದರೂ ಮೃದ್ವಸ್ಥಿಯಾಗುವ ಶಕ್ತಿಯನ್ನು ಉಳಿಸಿಕೊಳ್ಳುತ್ತವೆ. ಅವುಗಳನ್ನು ಸಣ್ಣ ಉಂಡೆಯಾಗಿ ಒತ್ತಾಗಿ ಸೇರಿಸಿ ಟಿಜಿಎಫ್‌-ಬೀಟಾ ಎಂಬ ಬೆಳವಣಿಗೆಯ ಪ್ರೋಟೀನನ್ನು ಕೊಟ್ಟು ವಾರಗಟ್ಟಲೆ ಪೋಷಿಸಿದರೆ ಬಿಳಿಯ, ನುಣುಪಾದ ಮಣಿಯೊಂದು ರೂಪುಗೊಳ್ಳುತ್ತದೆ; ಅದರ ತೆಳುಪದರವನ್ನು ಸಾಫ್ರನಿನ್ ಬಣ್ಣದಲ್ಲಿ ಅದ್ದಿದಾಗ ಕುಂಕುಮಗೆಂಪು ಹರಡಿದರೆ, ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕಾನ್ ಕೂಡಿದೆಯೆಂದು ಅರ್ಥ.

ಇಂದಿನ ಕೋಶಚಿಕಿತ್ಸೆಗಳು ಹೆಚ್ಚಾಗಿ ಪೆಟ್ಟಿನಿಂದಾದ ಸಣ್ಣ ಕುಳಿಗಳಿಗಷ್ಟೇ ಒದಗುತ್ತವೆ. ಅಮ್ಮನಂತೆ ಇಡೀ ಕೀಲೇ ಸವೆದವರಿಗೆ ಅಲ್ಲ. ಅದನ್ನು ಅಮ್ಮನಿಗೆ ಮುಚ್ಚಿಡದೆ ಹೇಳಿದೆ. ಅವರು ಗೋಡೆ ಹಿಡಿದು ಮೂರು ಮೆಟ್ಟಿಲಿಳಿದು, ಆ ಮಣಿ ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದರು. ಸಾಸಿವೆ ಕಾಳಿನಷ್ಟು ಎಂದೆ.