ಗಟ್ಟಿ ಬಂಡೆಯ ಡೇಟಾದಲ್ಲಿ ಗೆರೆ ಕಂಡಾಗ

ಬೆಂಗಳೂರಲ್ಲಿ ಕೂತು ಆಳದ ಕೊಳವೆ ಬಾವಿಗಳ ಸೈಸ್ಮಿಕ್ ಡೇಟಾ (ನೆಲ ಅದುರಿಸಿ ಹಿಡಿದ ಕಂಪನಗಳ ದಾಖಲೆ) ಪ್ರೊಸೆಸ್ ಮಾಡುವುದು ನನ್ನ ಕೆಲಸ. ತೈಲ ಬಾವಿಗಳ ಡೇಟಾದಲ್ಲಿ ಪಳಗಿದ ಹುಡುಗರು ಟೀಮಿಗೆ ಬಂದರೆ ಮೊದಲ ದೂರು ಒಂದೇ: "ಸರ್, ಇದ್ರಲ್ಲಿ ಪದರಗಳೇ ಇಲ್ವಲ್ಲ?"

ಇರುವುದಿಲ್ಲ. ಲಾಲ್‌ಬಾಗ್ ಬಂಡೆ ಹತ್ತಿ ಕಾಲಡಿ ನೋಡಿದರೆ ಸಾಕು. ಸುಮಾರು 300 ಕೋಟಿ ವರ್ಷದ ನೈಸ್ (gneiss) ಅದು, ಅಂದರೆ ಶಾಖ, ಒತ್ತಡಕ್ಕೆ ಸಿಕ್ಕು ರೂಪ ಬದಲಿಸಿದ ಶಿಲೆ; ಪಟ್ಟೆಗಳೆಲ್ಲ ಮಡಚಿ, ತಿರುಚಿ ಹೋಗಿವೆ. ಖಂಡದ ತಳಪಾಯವೇ ಹೀಗಿರುವಾಗ ನೀಟಾದ ಪದರ ಎಲ್ಲಿಂದ ಬರಬೇಕು?

ನಮ್ಮ ಸರ್ವೆಗೆ ವಿ.ಎಸ್.ಪಿ. (ವರ್ಟಿಕಲ್ ಸೈಸ್ಮಿಕ್ ಪ್ರೊಫೈಲಿಂಗ್) ಅಂತಾರೆ. ಬಾವಿಗೆ ಕಂಪನ ಹಿಡಿಯುವ ಜಿಯೋಫೋನ್ ಇಳಿಸಿ, ಗೋಡೆಗೆ ಒತ್ತಿ ನಿಲ್ಲಿಸಿ, ಮೇಲಿಂದ ವೈಬ್ರೇಟರ್ ಲಾರಿ ನೆಲ ಅದುರಿಸುತ್ತದೆ. ಸವೆದ ಮೇಲ್ಪದರ ಅಲೆಯ ಸಣ್ಣ ಸಣ್ಣ, ವೇಗದ ಕಂಪನವನ್ನು ನುಂಗುತ್ತದೆ. ನೆಲದ ಮೇಲೇ ಮಾಡುವ ಸರ್ವೆಯಲ್ಲಿ ಅಲೆ ಅದನ್ನು ಎರಡು ಸಲ ದಾಟಬೇಕು, ಇಲ್ಲಿ ಒಂದೇ ಸಲ. ಅದಕ್ಕೇ ಚಿತ್ರ ಸ್ಪಷ್ಟ.

ಆದರೂ ಹೊಸಬರಿಗೆ ನಾನು ಮೊದಲೇ ಪ್ರತಿಫಲನ, ಅಂದರೆ ಕೆಳಗೆ ತಾಗಿ ವಾಪಸ್ ಬಂದು ಚಿತ್ರದಲ್ಲಿ ಗೆರೆಯಾಗಿ ಕಾಣುವ ಅಲೆ, ತೋರಿಸುವುದಿಲ್ಲ. ಕೆಳಗಿಳಿಯುವ ಅಲೆ ಪ್ರತಿ ಆಳಕ್ಕೂ ಯಾವಾಗ ತಲುಪಿತು, ಅದನ್ನು ಮೊದಲು ಗುರುತು ಮಾಡಿಸುತ್ತೇನೆ. ಬೋರ್ ಕೆಲಸ, ಒಪ್ಪುತ್ತೇನೆ. ಆದರೆ ಬಂಡೆಯ ನಿಜವಾದ ವೇಗ ಸಿಗುವುದು ಅಲ್ಲೇ. ಈ ಬಂಡೆಗಳಲ್ಲಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಶೇ. 5 ತಪ್ಪಿದರೂ 7 ಕಿ.ಮೀ. ಆಳದ ಗೆರೆ 350 ಮೀಟರ್ ಆಚೀಚೆ ಆಗುತ್ತದೆ.

ವೇಗ ಸರಿಯಿದ್ದರೂ ಗೆರೆ ಬಂಡೆಯ ಹೆಸರು ಹೇಳುವುದಿಲ್ಲ. ರಷ್ಯಾದ ಕೋಲಾ ಬಾವಿ 12,262 ಮೀಟರ್ ಇಳಿಯಿತು. ಸುಮಾರು 7 ಕಿ.ಮೀ. ಕೆಳಗೆ ಗ್ರಾನೈಟ್ ಮುಗಿದು ಬಸಾಲ್ಟ್ ಶುರುವಾಗುತ್ತದೆ ಅಂತ ಎಲ್ಲರೂ ಕಾದಿದ್ದರು. ಬಸಾಲ್ಟ್ ಇರಲೇ ಇಲ್ಲ! ಸಿಕ್ಕಿದ್ದು ಬಿರುಕು ಬಿಟ್ಟ, ನೀರು ತುಂಬಿದ ರೂಪಾಂತರ ಶಿಲೆ. ಜರ್ಮನಿಯ 9,101 ಮೀಟರ್ ಆಳದ ಕೆಟಿಬಿ ಬಾವಿಯಲ್ಲೂ ಹೆಚ್ಚುಕಮ್ಮಿ ಅದೇ 7 ಕಿ.ಮೀ. ಆಳದಲ್ಲಿದ್ದ ಜೋರಾದ ಪ್ರತಿಫಲನ ಕೊನೆಗೆ ಓರೆಯಾದ ಸ್ತರಭಂಗ ವಲಯ (ಬಂಡೆ ಮುರಿದು ಜಾರಿದ ಜಾಗ) ಅಂತ ಗೊತ್ತಾಯಿತು. ಅದಕ್ಕೇ ನಮ್ಮ ರಿಪೋರ್ಟಿನಲ್ಲಿ "ಪ್ರತಿಫಲನ" ಅಂತಷ್ಟೇ ಬರೆಯಿಸುತ್ತೇನೆ. ಬಂಡೆಯ ಹೆಸರು ಬೇಕಿದ್ದರೆ ಕೋರ್ (ಬಾವಿಯಿಂದ ತೆಗೆದ ಬಂಡೆಯ ತುಂಡು) ನೋಡಿದವರು ಬರೆಯಲಿ.

ಇನ್ನೊಂದು ಕಾಟ ಟ್ಯೂಬ್ ಅಲೆ. ಬಾವಿಯ ನೀರಿನಲ್ಲೇ ಸೆಕೆಂಡಿಗೆ ಸುಮಾರು 1.4 ಕಿ.ಮೀ. ವೇಗದಲ್ಲಿ ಓಡಾಡಿ, ಅಸಲಿ ಸಿಗ್ನಲ್‌ಗಿಂತ ಜಾಸ್ತಿ ಗಲಾಟೆ ಮಾಡುತ್ತದೆ. ಫಿಲ್ಟರ್ ಹಾಕುವ ಮೊದಲು ಅದು ಯಾವ ಆಳದಲ್ಲಿ ಹುಟ್ಟಿತು ನೋಡಿ. ಎಷ್ಟೋ ಸಲ ಅಲ್ಲಿ ನೀರು ಹರಿಯುವ ಬಿರುಕಿರುತ್ತದೆ.